ಏಳಂಗುಲದ ತಟ್ಟೆಯ ಎರಡು ಮುಖ



ಜಮೈಕಾ ಎಂದೊಡನೆ ನಮ್ಮಲ್ಲಿ ಹಲವರಿಗೆ ನೆನಪಾಗುವುದು ವೇಗದ ಬೌಲರುಗಳು, ಆಮೇಲೆ ಬಾಬ್ ಮಾರ್ಲಿ. 1962ರ ಆಗಸ್ಟ್ 6ರಂದು ಬ್ರಿಟಿಷರಿಂದ ಸ್ವತಂತ್ರವಾದ ಆ ಸಣ್ಣ ದ್ವೀಪದ ರೆಗೆ ಸಂಗೀತವನ್ನು ಯುನೆಸ್ಕೊ 2018ರಲ್ಲಿ ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಸಂಗೀತ ಬೆಳೆದದ್ದು ಹೆಚ್ಚಾಗಿ ಏಳು ಅಂಗುಲದ ರೆಕಾರ್ಡುಗಳಲ್ಲಿ. ನಿಮಿಷಕ್ಕೆ 45 ಸುತ್ತು, ಒಂದೊಂದು ಬದಿಗೆ ಮೂರು ನಾಲ್ಕು ನಿಮಿಷದ ಹಾಡು. ಇಂಥ ಹಳೆಯ ತಟ್ಟೆಗಳನ್ನು ಹುಡುಕಿ ಕೂಡಿಡುವವರು ಇಂದು ಲಂಡನ್, ನ್ಯೂಯಾರ್ಕ್, ಟೋಕಿಯೊಗಳಲ್ಲಿದ್ದಾರೆ. ಅದೊಂದು ಹುಚ್ಚು ಎನ್ನುವವರುಂಟು. ನನ್ನ ಮಟ್ಟಿಗೆ ಅದು ಒಂದು ನಾಡಿನ ಬಡವರ ಚರಿತ್ರೆಯನ್ನು ಕಾಯುವ ಕೆಲಸ.

ಅಂಥದೊಂದು ತಟ್ಟೆಯನ್ನು ಕೈಗೆತ್ತಿಕೊಂಡು ನೋಡಬೇಕು. ನಡುವೆ ಜೂಕ್‌ಬಾಕ್ಸಿಗೆ ಒಗ್ಗುವಂಥ ದೊಡ್ಡ ತೂತು. ಅಂಚು ಒರಟು. ಲೇಬಲ್ ಒಂದು ಕಡೆಗೆ ವಾಲಿರುತ್ತದೆ. ಹೆಸರಿನಲ್ಲಿ ಅಕ್ಷರ ತಪ್ಪಿರುತ್ತದೆ. ಕೆಲವಕ್ಕಂತೂ ಬಿಳಿ ಲೇಬಲ್ಲಿನ ಮೇಲೆ ರಬ್ಬರ್ ಸ್ಟಾಂಪು ಒತ್ತಿದ್ದೇ ವಿಳಾಸ. ಹಾಡು ಮುಗಿದ ಮೇಲೆ ಮುಳ್ಳು ಸುತ್ತುವ ಖಾಲಿ ಜಾಗವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ, ಅಲ್ಲಿ ಯಾರೋ ಕೈಯಿಂದ ಗೀಚಿದ ಅಕ್ಷರ, ಅಂಕಿಗಳು ಕಾಣುತ್ತವೆ. ನಿರ್ಮಾಪಕನ ಹೆಸರಿನ ಮೊದಲಕ್ಷರ, ಅಚ್ಚಿನ ಸಂಖ್ಯೆ. ಲೇಬಲ್ಲು ಹೇಳದೆ ಬಿಟ್ಟದ್ದನ್ನು ಎಷ್ಟೋ ಸಲ ಈ ಗೀಚು ಹೇಳಿಬಿಡುತ್ತದೆ. ಬಲ್ಲ ಸಂಗ್ರಾಹಕರು ಮೊದಲು ಓದುವುದೇ ಅದನ್ನು.

ಹಾಡು ಮುಂಬದಿಯಲ್ಲಿ. ಹಿಂಬದಿಗೆ ಅವರು ‘ವರ್ಷನ್’ ಎನ್ನುತ್ತಾರೆ. 1960ರ ದಶಕದ ಕೊನೆಯಲ್ಲಿ ರಾಜಧಾನಿ ಕಿಂಗ್‌ಸ್ಟನ್ನಿನ ಟ್ರೆಷರ್ ಐಲ್ ಸ್ಟುಡಿಯೊದಲ್ಲಿ, ಸೌಂಡ್ ಸಿಸ್ಟಮ್ (ದೊಡ್ಡ ಸ್ಪೀಕರುಗಳಲ್ಲಿ ರೆಕಾರ್ಡು ಹಾಕಿ ಜನರನ್ನು ಕುಣಿಸುವ ಏರ್ಪಾಡು) ನಡೆಸುತ್ತಿದ್ದ ರಡ್ಡಿ ರೆಡ್‌ವುಡ್ ಎಂಬಾತನಿಗಾಗಿ ತಟ್ಟೆ ಕೊರೆಯುವಾಗ ಹಾಡುಗಾರರ ದನಿ ಬಿಟ್ಟುಹೋಯಿತು. ಆತ ಅದನ್ನೇ ಕುಣಿತದ ಅಂಗಳಕ್ಕೆ ಒಯ್ದು ಹಾಕಿದ. ಬರಿಯ ವಾದ್ಯ ಕೇಳಿ ಜನ ತಾವೇ ಹಾಡತೊಡಗಿದರು. ಅಲ್ಲಿಂದ ಮುಂದೆ ದನಿಯಿಲ್ಲದ ಹಿಂಬದಿ ಜಮೈಕಾದ ರೆಕಾರ್ಡುಗಳ ರೂಢಿಯಾಯಿತು. ಆ ಖಾಲಿ ಜಾಗದಲ್ಲಿ ಮೈಕು ಹಿಡಿದು ಮಾತನ್ನು ಲಯಕ್ಕೆ ಕಟ್ಟಿದ ಯು-ರಾಯ್‌ನ ರೆಕಾರ್ಡುಗಳು 1970ರಲ್ಲಿ ಜಮೈಕಾದ ಜನಪ್ರಿಯ ಪಟ್ಟಿಯ ತುದಿಗೇರಿದವು. ರೇಡಿಯೊ ರಿಪೇರಿ ಮಾಡುತ್ತಿದ್ದ ಕಿಂಗ್ ಟಬ್ಬಿ ಅದೇ ವಾದ್ಯದ ಜಾಡನ್ನು ಕಳಚಿ, ಪ್ರತಿಧ್ವನಿ ತುಂಬಿ, ‘ಡಬ್’ ಎಂಬ ಪ್ರಕಾರವನ್ನೇ ಬೆಳೆಸಿದ.

ಒಂದೇ ವಾದ್ಯದ ಜಾಡಿಗೆ ಅವರ ಮಾತು ‘ರಿದ್ದಿಮ್’. ಅದರ ಮೇಲೆ ಹತ್ತಾರು ಗಾಯಕರು ಹತ್ತಾರು ಬೇರೆ ಹಾಡು ಹಾಡುತ್ತಾರೆ. ನಮ್ಮ ರಂಗಗೀತೆಗಳ ಮಟ್ಟು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜನಕ್ಕೆ ಗೊತ್ತಿರುವ ಮಟ್ಟು ಹಿಡಿದು ಹೊಸ ಮಾತು ಕಟ್ಟುವುದು ನಾವೂ ಮಾಡುತ್ತ ಬಂದದ್ದೇ. ಹಾಗಾಗಿ ಸಂಗ್ರಾಹಕರು ಒಂದು ರಿದ್ದಿಮ್ಮಿನ ಬೆನ್ನು ಹತ್ತುತ್ತಾರೆ, ಅದರ ಮೇಲಿನ ಒಂದೊಂದು ಹಾಡನ್ನೂ ಹುಡುಕುತ್ತಾರೆ.

ಅಂಥವುಗಳಲ್ಲಿ ಹೆಸರಾದದ್ದು ‘ಸ್ಲೆಂಗ್ ಟೆಂಗ್’. ಅದು ಹುಟ್ಟಿದ್ದು ಕ್ಯಾಸಿಯೊ ಎಂಟಿ-40 ಎಂಬ ಪುಟ್ಟ ಕೀಬೋರ್ಡಿನಲ್ಲಿ. ಮನೆಮಂದಿ ನುಡಿಸಿಕೊಳ್ಳಲೆಂದು ಮಾಡಿದ ವಾದ್ಯ ಅದು. ಅದರೊಳಗೆ ‘ರಾಕ್’ ಎಂಬ ಹೆಸರಿನಲ್ಲಿ ಸಿದ್ಧವಾಗಿ ತುಂಬಿಟ್ಟ ಒಂದು ಲಯವಿತ್ತು. ವೇಯ್ನ್ ಸ್ಮಿತ್, ನೋಯೆಲ್ ಡೇವಿ ಎಂಬ ಇಬ್ಬರು ತರುಣರು ಅದನ್ನು ಕಂಡುಕೊಂಡು, ಟಬ್ಬಿಯ ಶಿಷ್ಯ ಕಿಂಗ್ ಜಾಮಿಯ ಬಳಿ ಒಯ್ದರು. ಜಾಮಿ ಅದರ ವೇಗ ತಗ್ಗಿಸಿ ಹಾಡು ಕಟ್ಟಿದ. 1985ರ ಫೆಬ್ರುವರಿ 23ರಂದು ಕಿಂಗ್‌ಸ್ಟನ್ನಿನ ವಾಲ್ತಮ್ ಪಾರ್ಕ್ ರಸ್ತೆಯಲ್ಲಿ ಬ್ಲ್ಯಾಕ್ ಸ್ಕಾರ್ಪಿಯೊ ಎಂಬ ಸೌಂಡ್ ಸಿಸ್ಟಮ್ಮಿನೊಡನೆ ನಡೆದ ಪೈಪೋಟಿಯಲ್ಲಿ ಅದನ್ನು ಹಾಕಿದಾಗ ಜಮೈಕಾದ ಸಂಗೀತದ ದಿಕ್ಕೇ ಬದಲಾಯಿತು. ಆ ಲಯವನ್ನು ಕೀಬೋರ್ಡಿಗೆ ತುಂಬಿದ್ದು ಹಿರೊಕೊ ಒಕುಡಾ ಎಂಬ ಜಪಾನಿ ಯುವತಿ. ಕಾಲೇಜಿನಲ್ಲಿ ಆಕೆ ಪ್ರಬಂಧ ಬರೆದದ್ದು ರೆಗೆ ಸಂಗೀತದ ಮೇಲೆ! ಕಿಂಗ್‌ಸ್ಟನ್ನಿನಿಂದ ಟೋಕಿಯೊಕ್ಕೆ ಹೋದ ಪ್ರೀತಿ ಒಂದು ಯಂತ್ರದೊಳಗೆ ಕುಳಿತು ಮರಳಿ ಕಿಂಗ್‌ಸ್ಟನ್ನಿಗೇ ಬಂತು. ಈ ಕಥೆ ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಯಂತ್ರದ ಲಯ ಬಂದದ್ದರಿಂದ ಕಷ್ಟಕ್ಕೆ ಸಿಕ್ಕಿದವರೂ ಇದ್ದಾರೆ. ಸ್ಟುಡಿಯೊಗಳಲ್ಲಿ ಡ್ರಮ್, ಬೇಸ್ ನುಡಿಸುತ್ತಿದ್ದ ಎಷ್ಟೋ ವಾದ್ಯಗಾರರಿಗೆ ಕೆಲಸ ತಪ್ಪಿತು. ಹಾಗೆಂದು ಯಂತ್ರದ ಲಯದ ಮೇಲೆ ಕಟ್ಟಿದ ಈ ಸಂಗೀತವನ್ನು, ಡಿಜಿಟಲ್ ಡಾನ್ಸ್‌ಹಾಲನ್ನು, ಕೀಳೆಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಬ್ಯಾಂಡು ಕಟ್ಟಲು ದುಡ್ಡಿಲ್ಲದ ಓಣಿಯ ಹುಡುಗರ ಕೈಗೆ ಅದು ಸಂಗೀತ ಕೊಟ್ಟಿತು.

ಇಂದು ಅಪರೂಪದ ತಟ್ಟೆಗಳ ಬೆಲೆ ಗಗನಕ್ಕೇರಿದೆ. ಒಂದು ಹಳೆಯ ರೆಕಾರ್ಡು ಕೈಯಿಂದ ಕೈಗೆ ಮಾರಾಟವಾದಾಗ ಹಾಡಿದವರಿಗೆ ಬಿಡಿಗಾಸೂ ಸೇರುವುದಿಲ್ಲ. ಇದು ನನ್ನನ್ನು ಕಾಡುವ ಸಂಗತಿ. ಬ್ರೂಕ್ಲಿನ್ನಿನ ಡಿಜಿಕಿಲ್ಲರ್, ಟೋಕಿಯೊದ ಡಬ್ ಸ್ಟೋರ್ ಎಂಬ ರೆಕಾರ್ಡು ಸಂಸ್ಥೆಗಳು ಮಾಡುತ್ತಿರುವ ಕೆಲಸ ಅದಕ್ಕೇ ದೊಡ್ಡದು. ಹಕ್ಕುದಾರರಿಂದ ಒಪ್ಪಿಗೆ ಪಡೆದು, ಮರೆತುಹೋದ ಹಾಡುಗಳನ್ನು ಅದೇ ಏಳಂಗುಲದ ಅಳತೆಯಲ್ಲಿ ಅವರು ಮತ್ತೆ ಅಚ್ಚು ಹಾಕುತ್ತಿದ್ದಾರೆ. ಎಷ್ಟೋ ಸಲ ಮೂಲ ಟೇಪು ಉಳಿದಿರುವುದಿಲ್ಲ; ಆಗ ಯಾರೋ ಸಂಗ್ರಾಹಕರು ಜೋಪಾನ ಮಾಡಿದ ತಟ್ಟೆಯೇ ದಿಕ್ಕು.

ನಿಮ್ಮ ಮನೆಯ ಅಟ್ಟದಲ್ಲೂ ನಾಟಕದ ಹಾಡಿನದೋ ಹಳೆಯ ಸಿನಿಮಾದ್ದೋ ರೆಕಾರ್ಡುಗಳು ಇದ್ದರೆ ಇವತ್ತು ಇಳಿಸಿ ನೋಡಿ. ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿಡಿ, ಬಿಸಿಲು ತಾಗದಿರಲಿ. ಲೇಬಲ್ಲಿನ ಮೇಲಿನ ಹೆಸರುಗಳನ್ನೂ ಖಾಲಿ ಜಾಗದ ಅಂಕಿಗಳನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ಹಾರ್ಮೋನಿಯಂ ಯಾರದು, ತಬಲಾ ಯಾರದು ಎಂದು ಬಲ್ಲ ಹಿರಿಯರು ಮನೆಯಲ್ಲಿದ್ದರೆ ಅವರನ್ನು ಕೂರಿಸಿಕೊಂಡು ಕೇಳಿ, ಅದನ್ನೂ ಬರೆದುಕೊಳ್ಳಿ.