ನಗರಸಭೆಯ ಲೆಕ್ಕದ ಪುಸ್ತಕ

ಬ್ಯಾಂಕಿನಲ್ಲಿ ಗುಮಾಸ್ತನಾಗಿ ಬಹಳ ವರ್ಷ ಲೆಡ್ಜರು ಬರೆದವನು ನಾನು. ಸಂಜೆ ಲೆಕ್ಕ ತಾಳೆಯಾಗದೆ ಮನೆಗೆ ಹೋಗುವಂತಿರಲಿಲ್ಲ. ಹತ್ತು ಪೈಸೆ ಹೆಚ್ಚು ಬಂದರೂ ಕೂತು ಹುಡುಕಲೇಬೇಕು. ಹಾಗಾಗಿ ನಗರಸಭೆಯವರು ಖರ್ಚು ತಗ್ಗಿಸುತ್ತೇವೆ ಎಂದಾಗ ನನ್ನ ಕಣ್ಣು ಹೋಗುವುದು ಅವರ ಪುಸ್ತಕದ ಮೇಲೆ.

ನಗರಸಭೆಗಳು ಬಹುಕಾಲ ಬರೆದದ್ದು ಬರೀ ರೊಕ್ಕದ ಲೆಕ್ಕ. ಬಂದದ್ದಿಷ್ಟು, ಹೋದದ್ದಿಷ್ಟು. ಮಾರ್ಚಿ ತಿಂಗಳಲ್ಲಿ ನೀರಿನ ಪಂಪು ತಂದು ಏಪ್ರಿಲ್‌ನಲ್ಲಿ ದುಡ್ಡು ಕೊಟ್ಟರೆ, ಆ ವರ್ಷದ ಲೆಕ್ಕದಲ್ಲಿ ಸಾಲವೇ ಕಾಣದು. ಅದನ್ನೇ ಉಳಿತಾಯವೆಂದುಕೊಂಡು ಇನ್ನೊಂದು ಕೆಲಸಕ್ಕೆ ಕೈಹಾಕುವುದೂ ಉಂಟು!

ತಮಿಳುನಾಡು 2000ದ ಸುಮಾರಿಗೆ ತನ್ನ ನಗರಸಭೆಗಳಿಗೆ ಜೋಡಿ ನಮೂದಿನ ಲೆಕ್ಕ ತಂದಿತು. 2004ರಲ್ಲಿ ಇಡೀ ದೇಶಕ್ಕೆಂದು ರಾಷ್ಟ್ರೀಯ ಪುರಸಭಾ ಲೆಕ್ಕಪತ್ರ ಕೈಪಿಡಿ ಬಂತು. ಈ ಪದ್ಧತಿಯಲ್ಲಿ ಪಂಪು ಬಂದಾಗಲೇ ಎರಡು ಕಡೆ ಬರೆಯಬೇಕು: ಇತ್ತ ಆಸ್ತಿ, ಅತ್ತ ಕೊಡಬೇಕಾದ ಬಾಕಿ. ವರ್ಷವರ್ಷವೂ ಸವಕಳಿ ಕಳೆಯಬೇಕು. ಆಗ ಒಂದು ಕೊಡ ನೀರಿಗೆ ನಿಜವಾಗಿ ಬೀಳುವ ಖರ್ಚೆಷ್ಟು, ಹಳೇ ಪಂಪಿನ ರಿಪೇರಿ ಅಗ್ಗವೋ ಹೊಸ ಪಂಪೇ ಅಗ್ಗವೋ ಎಂದು ಲೆಕ್ಕ ಹಾಕಬಹುದು.

ಆದರೆ ಪುಸ್ತಕ ಬದಲಾದರೆ ಸಾಲದು, ಕೇಳುವವರೂ ಬೇಕಲ್ಲ? ಹೊಸೂರು 2019ರಲ್ಲಿ ಮಹಾನಗರಪಾಲಿಕೆಯಾಯಿತು. ಹಳ್ಳಿಯವರಿಗೆ ಅದೇಕೆ ಎನ್ನಬೇಡಿ. ಹೂವು, ಟೊಮೆಟೊ ಹೊತ್ತು ಅಲ್ಲಿಗೆ ಮಾರಲು ಹೋಗುವವರು ನಾವೇ. ಅಲ್ಲಿಯ ನಲ್ಲಿ ನೀರು ಕುಡಿಯುವವರೂ ನಾವೇ. ಬಜೆಟ್ಟಿನ ಕಾಲದಲ್ಲಿ 'ಖರ್ಚೆಷ್ಟು' ಎಂದು ಎಲ್ಲರೂ ಕೇಳುತ್ತಾರೆ. ನೀವು ವಾರ್ಡಿನ ಸದಸ್ಯರನ್ನು 'ಕೊಡಬೇಕಾದ ಬಾಕಿ ಎಷ್ಟು ಸ್ವಾಮಿ?' ಎಂದು ಕೇಳಿ ನೋಡಿ. ತಮಿಳಿನಲ್ಲಿ ಕೇಳಿದರೂ ಸರಿ, ಬಾಕಿ ಎಂಬ ಮಾತು ಎರಡು ಭಾಷೆಗೂ ಒಂದೇ.