ಉತ್ತರಕ್ಕೆ ಎಷ್ಟು ಉತ್ತರ?

ಇವತ್ತಿನ ನನ್ನ ಮಾತು ಹೆಚ್ಚಾಗಿ ಈ ಬ್ರಿಟನ್ನಿನಲ್ಲೇ ಹುಟ್ಟಿ ಬೆಳೆದ ನಮ್ಮ ಹುಡುಗ ಹುಡುಗಿಯರಿಗೆ. ಒತ್ತಕ್ಷರ ಕಲಿಯುವಾಗ ಗೊಣಗಿದರೂ ಬಿಡದೆ ಕಲಿತು, ಈಗ ಇದನ್ನು ನೀವೇ ಓದುತ್ತಿದ್ದೀರಲ್ಲ, ನಿಮಗೆ.

ಸುಲಭವಾಗಿ ಕಾಣುವ ಒಂದು ಪ್ರಶ್ನೆ ಕೇಳುತ್ತೇನೆ. ಉತ್ತರ ಧ್ರುವ ಎಲ್ಲಿದೆ? "ಗ್ಲೋಬಿನ ತುತ್ತ ತುದಿಯಲ್ಲಿ" ಅನ್ನುತ್ತೀರಿ. ಸರಿ. ಆದರೆ ಕಂಪಾಸಿನ ಸೂಜಿ ತೋರಿಸುವುದು ಆ ತುದಿಯನ್ನಲ್ಲ. ಅರೋರಾ ಎಂಬ ಬಣ್ಣದ ಬೆಳಕು ಉಂಗುರ ಕಟ್ಟುವುದೂ ಆ ತುದಿಯನ್ನು ನಡುವೆ ಇಟ್ಟುಕೊಂಡಲ್ಲ. ಕನ್ನಡದಲ್ಲಿ "ಉತ್ತರ" ಅಂದರೆ ದಿಕ್ಕೂ ಹೌದು, ಪ್ರಶ್ನೆಗೆ ಕೊಡುವ ಜವಾಬೂ ಹೌದು. ಧ್ರುವದ ವಿಷಯದಲ್ಲಿ ಜವಾಬು ಒಂದಲ್ಲ, ಹಲವು. ಎಲ್ಲವೂ ಸರಿ. ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ತಂದಿಟ್ಟರೆ ಮಾತ್ರ ದಾರಿ ತಪ್ಪುತ್ತದೆ.

ನಾನು ಓದಿದ್ದು ಕನ್ನಡ ಎಂ.ಎ., ಹಾಗಾಗಿ ಪದಗಳಿಂದಲೇ ಹೊರಡುತ್ತೇನೆ. ಪೂರ್ವ, ಪಶ್ಚಿಮ ಸಂಸ್ಕೃತದಿಂದ ಬಂದವು. ಅಚ್ಚಗನ್ನಡದಲ್ಲಿ ಅವು ಮೂಡಣ, ಪಡುವಣ. ಮೂಡು ಅಂದರೆ ಹುಟ್ಟು, ಕಾಣಿಸಿಕೊ. ಪಡು ಅಂದರೆ ಮುಳುಗು. ಸೂರ್ಯ ಮೂಡುವ ಕಡೆ ಮೂಡಣ, ಮುಳುಗುವ ಕಡೆ ಪಡುವಣ. ಮೂಡಣಕ್ಕೆ ಮುಖ ಮಾಡಿ ನಿಂತರೆ ಎಡಗೈ ಕಡೆ ಬಡಗಣ, ಅಂದರೆ ಉತ್ತರ. ಯಾವ ಉಪಕರಣವೂ ಬೇಡ.

ಈ ಲೆಕ್ಕ ನಮ್ಮ ಊರಿನಲ್ಲಿ ಸಾಕಷ್ಟು ಚೆನ್ನಾಗಿ ನಡೆಯುತ್ತದೆ. ಕರ್ನಾಟಕದಲ್ಲಿ ಸೂರ್ಯ ಹುಟ್ಟುವ ಜಾಗ ವರ್ಷದಲ್ಲಿ ನೇರ ಪೂರ್ವದಿಂದ ಅತ್ತ ಇತ್ತ ಸುಮಾರು 24 ಡಿಗ್ರಿ ಸರಿಯುತ್ತದೆ, ಅಷ್ಟೆ. ಲಂಡನ್ನಿನಲ್ಲಿ ಆ ಸರಿದಾಟ ಎರಡೂ ಕಡೆ ಹತ್ತಿರ ಹತ್ತಿರ 40 ಡಿಗ್ರಿ. ಜೂನ್‌ನಲ್ಲಿ ಸೂರ್ಯ ಹುಟ್ಟುವುದು ಈಶಾನ್ಯದಲ್ಲಿ, ಡಿಸೆಂಬರ್‌ನಲ್ಲಿ ಆಗ್ನೇಯದಲ್ಲಿ. ಒಂದು ಊರಿಗೆ ಒಗ್ಗುವ ವಿವರಣೆ ಇನ್ನೊಂದು ಊರಿಗೆ ಅಷ್ಟಾಗಿ ಒಗ್ಗದು. ಇಡೀ ಭೂಮಿಗೆ ಸಲ್ಲುವಂಥದ್ದು ಬೇಕಲ್ಲ?

ಬುಗುರಿ ಆಡಿದ್ದೀರಾ? ಊರಿಗೆ ಹೋದಾಗ ನೋಡಿಯಾದರೂ ಇರುತ್ತೀರಿ. ತಿರುಗುವ ಬುಗುರಿಯ ನಡುವೆ, ಮೇಲಿಂದ ಕೆಳಗೆ ಒಂದು ಗೆರೆ ಹಾದುಹೋದಂತೆ ಊಹಿಸಿಕೊಳ್ಳಿ. ಉಳಿದದ್ದೆಲ್ಲ ಆ ಗೆರೆಯ ಸುತ್ತ ತಿರುಗುತ್ತದೆ. ಭೂಮಿಗೂ ಅಂಥ ಗೆರೆ ಇದೆ, ಅದೇ ಅಕ್ಷ. ಅಕ್ಷ ಭೂಮಿಯ ಮೇಲ್ಮೈಯನ್ನು ಸಂಧಿಸುವ ಎರಡು ಬಿಂದುಗಳೇ ಭೌಗೋಳಿಕ ಧ್ರುವಗಳು. ಇದು ಮೊದಲ ಉತ್ತರ. ಇಲ್ಲಿ ಅಯಸ್ಕಾಂತದ ಮಾತೇ ಇಲ್ಲ, ತಿರುಗುವುದೊಂದೇ ಆಧಾರ.

"ಧ್ರುವ" ಅಂದರೆ ಕದಲದ್ದು. ಮಲತಾಯಿ ಅಪ್ಪನ ತೊಡೆಯಿಂದ ಕೆಳಗಿಳಿಸಿದಳೆಂದು ತಪಸ್ಸಿಗೆ ಹೋಗಿ, ಯಾರೂ ಅಲುಗಾಡಿಸಲಾಗದ ಜಾಗ ಪಡೆದ ಹುಡುಗನ ಕಥೆ ನಿಮಗೆ ಗೊತ್ತು. ಆದರೆ ನಿಜವಾದ ಧ್ರುವಗಳು ಕದಲುತ್ತವೆ. ಬುಗುರಿ ತಿರುಗುತ್ತಲೇ ತುಸು ತೂಗಾಡುವಂತೆ ಭೂಮಿಯೂ ತನ್ನ ಅಕ್ಷದ ಮೇಲೆ ತುಸು ತೂಗುತ್ತದೆ. ಹೀಗೆ ಆಗಬೇಕೆಂದು 18ನೆಯ ಶತಮಾನದಲ್ಲೇ ಗಣಿತಜ್ಞ ಆಯ್ಲರ್ ಲೆಕ್ಕ ಹಾಕಿದ್ದರು. 1891ರಲ್ಲಿ ಅಮೆರಿಕದ ಸೇತ್ ಚಾಂಡ್ಲರ್ ಎಂಬವರು ನಕ್ಷತ್ರಗಳ ಅಳತೆಗಳಿಂದ ಅದನ್ನು ತೋರಿಸಿಕೊಟ್ಟರು. ಅದರ ಒಂದು ಸುತ್ತಿಗೆ ಸುಮಾರು 14 ತಿಂಗಳು. ಅಕ್ಷದ ತುದಿ ಕೆಲವೇ ಮೀಟರುಗಳ ಜಾಗದಲ್ಲಿ ಸುತ್ತು ಹೊಡೆಯುತ್ತದೆ.

ಕೆಲವು ಮೀಟರ್ ತಾನೇ ಅನ್ನಬೇಡಿ. ಅಕ್ಷಾಂಶಗಳಿಗೆಲ್ಲ ಧ್ರುವವೇ ಆಧಾರ. ಅದು ಓಡಾಡಿದರೆ ಜಗತ್ತಿನ ಪ್ರತಿ ಊರಿನ ಅಕ್ಷಾಂಶವೂ ಓಡಾಡಿದಂತೆ. ಅದಕ್ಕೇ 1899ರಿಂದ ಜಪಾನಿನ ಮಿಜುಸಾವಾ ಸೇರಿ ಒಂದೇ ಅಕ್ಷಾಂಶದ ಹಲವು ಕಡೆ ವೀಕ್ಷಣಾಲಯಗಳನ್ನು ಇಟ್ಟು ಅಳೆಯತೊಡಗಿದರು. ಮುಂದೆ 1900ರಿಂದ 1905ರವರೆಗಿನ ಸರಾಸರಿಯನ್ನು ತೆಗೆದು, "ನಕ್ಷೆಗಳಿಗೆ ಧ್ರುವ ಇದೇ ಇರಲಿ" ಎಂದು ಒಪ್ಪಿಕೊಂಡರು. ಹಾಗೆ ಭೌಗೋಳಿಕ ಧ್ರುವದಲ್ಲೇ ಎರಡಾದವು. ಒಂದು ಈ ಕ್ಷಣ ತಿರುಗುತ್ತಿರುವ ಅಕ್ಷದ ಧ್ರುವ, ಇನ್ನೊಂದು ಎಲ್ಲರೂ ಕೂತು ಒಪ್ಪಿಕೊಂಡ ಧ್ರುವ.

ದಕ್ಷಿಣ ಧ್ರುವದಲ್ಲಿ ಇನ್ನೂ ಒಂದು ತಮಾಷೆ ಇದೆ. ಅಲ್ಲಿನ ಹಿಮದ ಹಾಸು ವರ್ಷಕ್ಕೆ ಸುಮಾರು 10 ಮೀಟರ್ ಜಾರುತ್ತದೆ. ನೆಟ್ಟ ಗುರುತೂ ಹಿಮದ ಜೊತೆಗೇ ಜಾರುತ್ತದೆ. ಆದ್ದರಿಂದ ಪ್ರತಿ ಹೊಸ ವರ್ಷದ ದಿನ ಹೊಸದಾಗಿ ಅಳೆದು ಹೊಸ ಗುರುತು ನೆಡುತ್ತಾರೆ. ಫೋಟೋಗಳಲ್ಲಿ ನೀವು ನೋಡುವ, ಸುತ್ತಲೂ 12 ದೇಶಗಳ ಬಾವುಟವಿರುವ ಹೊಳೆಯುವ ಗೋಳ ಬೇರೆ. ಅದು ಪಕ್ಕದಲ್ಲಿರುವ, ಸಮಾರಂಭಕ್ಕೆಂದು ಇಟ್ಟಿರುವ ಧ್ರುವ.

ಇನ್ನು ಸೂಜಿಗಲ್ಲಿನ ಕಡೆ ಬರೋಣ. ಸೂಜಿಗಲ್ಲು ಅಂದರೆ ಅಯಸ್ಕಾಂತ, ಮ್ಯಾಗ್ನೆಟ್. 1581ರಲ್ಲಿ ಲಂಡನ್ನಿನ ರಾಬರ್ಟ್ ನಾರ್ಮನ್ ಎಂಬ ಉಪಕರಣ ತಯಾರಕರು ಒಂದು ಪುಸ್ತಕ ಬರೆದರು. ಸಮತೂಕ ಮಾಡಿಟ್ಟ ಸೂಜಿಗೆ ಕಾಂತಶಕ್ತಿ ಹಿಡಿಸಿದ ಮೇಲೆ ಅದು ಉತ್ತರಕ್ಕೆ ತಿರುಗುವುದಷ್ಟೇ ಅಲ್ಲ, ತಲೆ ತಗ್ಗಿಸಿ ನೆಲದ ಕಡೆಗೂ ಬಾಗುತ್ತದೆ ಎಂದು ಅವರು ಅದರಲ್ಲಿ ತೋರಿಸಿದರು. ಲಂಡನ್ನಿನಲ್ಲಿ ಇವತ್ತು ಆ ಬಾಗು 60 ಡಿಗ್ರಿಗೂ ಹೆಚ್ಚು. ಕೇರಳದ ತಿರುವನಂತಪುರದ ಬಳಿಯ ತುಂಬಾ ಎಂಬಲ್ಲಿ ಸೂಜಿ ಹೆಚ್ಚುಕಡಿಮೆ ಮಲಗಿಯೇ ಇರುತ್ತದೆ. ಬಾಗು ಸೊನ್ನೆಯಾಗುವ ಕಾಂತೀಯ ಸಮಭಾಜಕ ರೇಖೆ ಅಲ್ಲೇ ಹತ್ತಿರದಲ್ಲಿ ಹಾದುಹೋಗುತ್ತದೆ. 1963ರ ನವೆಂಬರ್ 21ರಂದು ಭಾರತ ತನ್ನ ನೆಲದಿಂದ ಮೊದಲ ರಾಕೆಟ್ ಹಾರಿಸಲು ಆ ಜಾಗವನ್ನು ಆರಿಸಿಕೊಂಡದ್ದೂ ಇದೇ ಕಾರಣಕ್ಕೆ.

ತುಂಬಾದಲ್ಲಿ ಮಲಗಿದ ಸೂಜಿ, ಲಂಡನ್ನಿನಲ್ಲಿ ಬಾಗಿದ ಸೂಜಿ. ಹಾಗೇ ಉತ್ತರಕ್ಕೆ ಹೋಗುತ್ತಾ ಹೋದರೆ ಒಂದು ಕಡೆ ಅದು ನೆಟ್ಟಗೆ ನಿಂತು, ಕಾಲ ಕೆಳಗಿನ ನೆಲವನ್ನೇ ತೋರಿಸುತ್ತದೆ. ಆ ಜಾಗವೇ ಉತ್ತರ ಕಾಂತೀಯ ಧ್ರುವ. ಇದು ಎರಡನೆಯ ಉತ್ತರ. ಇದನ್ನು ಕಾಲ್ನಡಿಗೆಯಲ್ಲಿ ಹುಡುಕಬಹುದು, ಹುಡುಕಿದ್ದಾರೆ ಕೂಡ. 1831ರ ಜೂನ್ 1ರಂದು ಬ್ರಿಟನ್ನಿನ ಜೇಮ್ಸ್ ಕ್ಲಾರ್ಕ್ ರಾಸ್ ಕೆನಡಾದ ಉತ್ತರದ ಬೂತಿಯಾ ಪರ್ಯಾಯ ದ್ವೀಪದಲ್ಲಿ ಅದನ್ನು ಗುರುತಿಸಿದರು. ಅವರ ಸೂಜಿ 90 ಡಿಗ್ರಿಗೆ ಬರೀ ಒಂದು ಮಿನಿಟಿನಷ್ಟು, ಅಂದರೆ ಡಿಗ್ರಿಯ ಅರುವತ್ತರಲ್ಲಿ ಒಂದು ಪಾಲಿನಷ್ಟು ಕಡಿಮೆ ತೋರಿಸಿತು. 1904ರಲ್ಲಿ ನಾರ್ವೆಯ ಅಮುಂಡ್ಸೆನ್ ಅಲ್ಲಿಗೆ ಹೋಗಿ ಅಳೆದಾಗ ಧ್ರುವ ಆ ಜಾಗ ಬಿಟ್ಟು ಸರಿದಿತ್ತು.

ಯಾಕೆ ಸರಿಯುತ್ತದೆ? ಭೂಮಿಯ ಕಾಂತಶಕ್ತಿ ಹುಟ್ಟುವುದು ನಮ್ಮ ಕೆಳಗೆ ಸುಮಾರು 2,900 ಕಿಲೋಮೀಟರ್ ಆಳದಿಂದ ಶುರುವಾಗುವ ಕರಗಿದ ಕಬ್ಬಿಣದ ಹರಿವಿನಲ್ಲಿ. ಹರಿಯುವುದು ಬದಲಾಗುತ್ತಲೇ ಇರುತ್ತದೆ. ಈ ಶತಮಾನದ ಆರಂಭದಲ್ಲಂತೂ ಧ್ರುವ ವರ್ಷಕ್ಕೆ 50 ಕಿಲೋಮೀಟರಿಗೂ ಹೆಚ್ಚು ಓಡತೊಡಗಿ, ಕೆನಡಾ ಬಿಟ್ಟು ಸೈಬೀರಿಯಾದ ಕಡೆ ಹೊರಟಿತು. ಈಗ ವೇಗ ಸ್ವಲ್ಪ ತಗ್ಗಿದೆ. ನಿಮ್ಮ ಫೋನುಗಳೂ ವಿಮಾನ, ಹಡಗುಗಳೂ ಬಳಸುವ ಜಾಗತಿಕ ಕಾಂತೀಯ ಮಾದರಿಯನ್ನು ಅಮೆರಿಕ ಮತ್ತು ಬ್ರಿಟನ್ನಿನ ಭೂವಿಜ್ಞಾನ ಸಂಸ್ಥೆಗಳು ಸೇರಿ ಐದು ವರ್ಷಕ್ಕೊಮ್ಮೆ ಹೊಸದು ಮಾಡುತ್ತವೆ. 2019ರಲ್ಲಿ ಅವಧಿ ಮುಗಿಯುವ ಮೊದಲೇ ಅದನ್ನು ತಿದ್ದಬೇಕಾಯಿತು.

ಮೂರನೆಯ ಉತ್ತರವನ್ನು ಸೂಜಿ ಹಿಡಿದು ಹುಡುಕಲಾಗದು. ಭೂಮಿಯ ನಟ್ಟನಡುವೆ ಒಂದು ಪಟ್ಟಿ ಅಯಸ್ಕಾಂತ ಇದೆಯೆಂದು ಊಹಿಸಿ. ಜಗತ್ತಿನೆಲ್ಲೆಡೆಯ ಅಳತೆಗಳಿಗೆ ಅದು ಆದಷ್ಟು ಹೊಂದುವಂತೆ ತಿರುಗಿಸಿ ಇಡಿ. ಅದು ಭೂಮಿಯ ಅಕ್ಷಕ್ಕಿಂತ ಒಂಬತ್ತು ಹತ್ತು ಡಿಗ್ರಿ ಓರೆಯಾಗಿ ನಿಲ್ಲುತ್ತದೆ. ಅದರ ಗೆರೆ ಹೊರಬರುವ ಜಾಗಕ್ಕೆ ಭೂಕಾಂತೀಯ ಧ್ರುವ ಎಂದು ಹೆಸರು. ಉತ್ತರದಲ್ಲಿ ಅದು ಕೆನಡಾದ ಎಲ್ಸ್‌ಮಿಯರ್ ದ್ವೀಪದ ಮೇಲಿದೆ. ಪೂರ್ತಿ ಲೆಕ್ಕದ ಧ್ರುವ, ಆದರೆ ಉಪಯೋಗ ದೊಡ್ಡದು. ನೆಲದಿಂದ ದೂರ ಹೋದಷ್ಟೂ ಭೂಮಿಯ ಕಾಂತಕ್ಷೇತ್ರ ಈ ಊಹೆಯ ಅಯಸ್ಕಾಂತದಂತೆಯೇ ಕಾಣುತ್ತದೆ. ಅದಕ್ಕೇ ಅರೋರಾದ ಉಂಗುರ ಈ ಧ್ರುವದ ಸುತ್ತ ಇರುತ್ತದೆ. 2024ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ದಕ್ಷಿಣದವರೆಗೂ ಆಕಾಶ ಗುಲಾಬಿ, ಹಸಿರಾದದ್ದು ನಿಮಗೆ ನೆನಪಿರಬೇಕು. ಆ ರಾತ್ರಿ ಉಂಗುರ ಹಿಗ್ಗಿ ನಮ್ಮ ತಲೆಯವರೆಗೂ ಬಂದಿತ್ತು.

ಇಲ್ಲಿ ಇನ್ನೊಂದು ವಿಷಯ. ಲೆಕ್ಕದ ಧ್ರುವಗಳೆರಡೂ ಒಂದಕ್ಕೊಂದು ನೇರ ಎದುರಿಗಿವೆ. ಸೂಜಿ ನೆಟ್ಟಗೆ ನಿಲ್ಲುವ ಧ್ರುವಗಳು ಹಾಗಿಲ್ಲ. 1909ರಲ್ಲಿ ಡೇವಿಡ್, ಮಾಸನ್, ಮೆಕೆ ಎಂಬ ಮೂವರು ಹಿಮದ ಮೇಲೆ ನಡೆದು ತಲುಪಿದ ದಕ್ಷಿಣ ಕಾಂತೀಯ ಧ್ರುವ ಈಗ ನೆಲವನ್ನೇ ಬಿಟ್ಟು, ಅಂಟಾರ್ಕ್ಟಿಕಾದ ಆಚೆ ಸಮುದ್ರದಲ್ಲಿದೆ.

ಇಷ್ಟೆಲ್ಲ ನಿಮಗೆ ಯಾಕೆ? ಡ್ಯೂಕ್ ಆಫ್ ಎಡಿನ್‌ಬರೋ ಅವಾರ್ಡಿಗೆಂದು ಬೆಟ್ಟ ಹತ್ತುವವರು ನಿಮ್ಮಲ್ಲಿ ಬಹಳ ಮಂದಿ. ಮಂಜು ಕವಿದಾಗ ಕೈಯಲ್ಲಿರುವುದು ಮ್ಯಾಪು ಮತ್ತು ಕಂಪಾಸು. ಮ್ಯಾಪಿನ ಚೌಕದ ಗೆರೆಗಳ ಉತ್ತರ, ಅಕ್ಷದ ಉತ್ತರ, ಸೂಜಿಯ ಉತ್ತರ, ಈ ಮೂರೂ ಬೇರೆ ಬೇರೆ. ಬ್ರಿಟನ್ನಿನಲ್ಲಿ ಸದ್ಯ ಇವುಗಳ ಅಂತರ ಬಹಳ ಕಡಿಮೆ. 2022ರ ನವೆಂಬರ್‌ನಲ್ಲಂತೂ ಡಾರ್ಸೆಟ್‌ನ ಲ್ಯಾಂಗ್ಟನ್ ಮ್ಯಾಟ್ರಾವರ್ಸ್ ಎಂಬ ಹಳ್ಳಿಯಲ್ಲಿ ಮೂರೂ ಒಂದೇ ಗೆರೆಯಲ್ಲಿ ಕೂಡಿಕೊಂಡವು. ಆದರೆ ಇದು ಶಾಶ್ವತವಲ್ಲ. ಲಂಡನ್ನಿನಲ್ಲಿ 1580ರಲ್ಲಿ ಸೂಜಿ ನಿಜವಾದ ಉತ್ತರದಿಂದ 11 ಡಿಗ್ರಿ ಪೂರ್ವಕ್ಕಿತ್ತು, 1820ರ ಸುಮಾರಿಗೆ 24 ಡಿಗ್ರಿ ಪಶ್ಚಿಮಕ್ಕೆ ಹೋಗಿತ್ತು. ಸ್ಟ್ಯಾನ್‌ಸ್ಟೆಡ್ ವಿಮಾನ ನಿಲ್ದಾಣದ ರನ್‌ವೇ ಒಂದಿಂಚೂ ಅಲುಗಾಡಲಿಲ್ಲ, ಆದರೂ 2009ರಲ್ಲಿ ಅದರ ಸಂಖ್ಯೆ 05/23 ಇದ್ದದ್ದು 04/22 ಆಯಿತು. ರನ್‌ವೇಗೆ ಸಂಖ್ಯೆ ಕೊಡುವುದು ಸೂಜಿಯ ಲೆಕ್ಕದಲ್ಲಿ. ಇನ್ನು ಅಮೆರಿಕದ ಸಿಯಾಟಲ್ ಕಡೆ ಸೂಜಿ ಸುಮಾರು 15 ಡಿಗ್ರಿ ಪೂರ್ವಕ್ಕಿದೆ. ಅಲ್ಲಿ ಇದನ್ನು ಗಮನಿಸದೆ ಒಂದು ಕಿಲೋಮೀಟರ್ ನಡೆದರೆ ಸೇರಬೇಕಾದ ಜಾಗದಿಂದ ಸುಮಾರು 260 ಮೀಟರ್ ದೂರ ಇರುತ್ತೀರಿ. ಬೆಟ್ಟದ ಅಂಚಿನಲ್ಲಿ 260 ಮೀಟರ್ ಸಣ್ಣದಲ್ಲ.

ಕೊನೆಗೆ ಮನೆಯೊಳಗಿನ ಮಾತು. "ಉತ್ತರಕ್ಕೆ ತಲೆ ಹಾಕಿ ಮಲಗಬೇಡ" ಎಂದು ಅಜ್ಜಿ ಹೇಳಿರುತ್ತಾರೆ. ಅದಕ್ಕೆ ಸಮರ್ಥನೆಯಾಗಿ ವಾಟ್ಸಾಪಿನಲ್ಲಿ ಒಂದು "ವಿಜ್ಞಾನ" ಬರುತ್ತದೆ: ನಮ್ಮ ತಲೆ ಉತ್ತರ ಧ್ರುವವಂತೆ, ಭೂಮಿಯದೂ ಉತ್ತರ ಧ್ರುವವಂತೆ, ಎರಡೂ ದೂಡಿಕೊಂಡು ರಕ್ತದ ಕಬ್ಬಿಣಕ್ಕೆ ತೊಂದರೆಯಂತೆ. ನೀವು ಇಲ್ಲಿ ಭೌತಶಾಸ್ತ್ರ ಓದುವವರು. ಸೂಜಿಯ ಉತ್ತರದ ತುದಿಯನ್ನು ಸೆಳೆಯುವ ಧ್ರುವ, ಅಯಸ್ಕಾಂತದ ಭಾಷೆಯಲ್ಲಿ ದಕ್ಷಿಣ ಧ್ರುವವೇ ಆಗಿರಬೇಕೆಂದು ನಿಮಗೆ ಗೊತ್ತು. ರಕ್ತದ ಕಬ್ಬಿಣ ಮೊಳೆಯ ಕಬ್ಬಿಣದಂತೆ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಆಸ್ಪತ್ರೆಯ ಎಂಆರ್‌ಐ ಯಂತ್ರದ ಕಾಂತಕ್ಷೇತ್ರ ಭೂಮಿಯದಕ್ಕಿಂತ ಸುಮಾರು 30,000 ಪಟ್ಟು ಹೆಚ್ಚು, ಜನ ಅದರೊಳಗೆ ಮಲಗಿ ಎದ್ದು ಬರುತ್ತಾರೆ. ಹಾಗಾಗಿ ಆ ಸಂದೇಶ ತಪ್ಪು.

ಆದರೆ ಆ ತಪ್ಪನ್ನು ಅಜ್ಜಿಯ ತಲೆಗೆ ಕಟ್ಟಬೇಡಿ. ಅಜ್ಜಿಯ ಉತ್ತರ ಸೂರ್ಯನಿಂದ ಎಣಿಸಿದ್ದು. ಗಣೇಶನಿಗೆ ಆನೆಯ ತಲೆ ಬಂದ ಕಥೆ, ಸತ್ತವರನ್ನು ಮಲಗಿಸುವ ದಿಕ್ಕು, ಇವೆಲ್ಲ ಅದರೊಳಗಿವೆ. ಅದು ನಂಬಿಕೆ, ರೂಢಿ. ಅದರಲ್ಲಿ ಅಯಸ್ಕಾಂತ ಇರಲಿಲ್ಲ. ಅದನ್ನು ಆಮೇಲೆ ಯಾರೋ ತಂದು ತುರುಕಿದರು. ಪಾಲಿಸುವುದು ಬಿಡುವುದು ನಿಮ್ಮಿಷ್ಟ. "ಅಜ್ಜಿ ಹೇಳಿದ್ದೆಲ್ಲ ಸುಳ್ಳು" ಎಂದು ಮುಖ ತಿರುಗಿಸುವ ಮೊದಲು, ಅವರು ಯಾವ ಉತ್ತರದ ಬಗ್ಗೆ ಹೇಳಿದರು, ಸಂದೇಶ ಯಾವ ಉತ್ತರದ ಬಗ್ಗೆ ಹೇಳಿತು ಎಂದು ಬೇರೆ ಮಾಡಿ ನೋಡಿ, ಸಾಕು.

ಈ ಭಾನುವಾರ ಒಂದು ಕೆಲಸ ಮಾಡುತ್ತೀರಾ? ಐಫೋನಿನ ಸೆಟ್ಟಿಂಗ್ಸ್‌ನಲ್ಲಿ ಕಂಪಾಸ್ ಅಂತಿದೆ. ಅದರಲ್ಲಿ "ಯೂಸ್ ಟ್ರೂ ನಾರ್ತ್" ಎಂಬುದನ್ನು ಒಮ್ಮೆ ಹಾಕಿ, ಒಮ್ಮೆ ತೆಗೆದು, ಎರಡು ಸಂಖ್ಯೆಗಳನ್ನೂ ಬರೆದುಕೊಳ್ಳಿ. ಅಮೆರಿಕದಲ್ಲಿರುವ ಕಸಿನ್‌ಗಳಿಗೂ ಊರಿನಲ್ಲಿರುವ ಚಿಕ್ಕಪ್ಪ, ಅತ್ತೆಯ ಮನೆಯವರಿಗೂ ಇದನ್ನೇ ಮಾಡಲು ಹೇಳಿ, ಪಕ್ಕ ಪಕ್ಕ ಇಟ್ಟು ನೋಡಿ. ಆಮೇಲೆ ಅಜ್ಜಿಗೆ ಫೋನ್ ಮಾಡಿ, ಅವರ ಮನೆಯಲ್ಲಿ ಬಡಗಣ ಯಾವ ಕಡೆ, ಅದು ಅವರಿಗೆ ಹೇಗೆ ಗೊತ್ತಾಯಿತು ಎಂದು ಕೇಳಿ. ಕನ್ನಡದಲ್ಲೇ ಕೇಳಿ.