ಕ್ರಿಯೆಯ ನಡುವೆ ಮ್ಯಾಂಗನೀಸ್



ಕ್ರಿಯೆ ಮುಗಿದಾಗ ಕ್ರಿಯಾವರ್ಧಕ ಮೊದಲಿನಂತೆಯೇ ಉಳಿಯುತ್ತದೆ ಎಂದು ನೀವು ಓದಿದ್ದೀರಿ. ಹಾಗಾದರೆ ನಡುವೆ ಅದಕ್ಕೆ ಏನಾಗುತ್ತದೆ? ಸ್ಪೆಕ್ಟ್ರೋಸ್ಕೋಪಿ ಉತ್ತರಿಸುವುದು ಈ ಪ್ರಶ್ನೆಗೇ.

ಹಸಿರೆಲೆಯಲ್ಲಿ ನೀರನ್ನು ಉತ್ಕರ್ಷಿಸಿ ಆಮ್ಲಜನಕ ಬಿಡುಗಡೆ ಮಾಡುವುದು ನಾಲ್ಕು ಮ್ಯಾಂಗನೀಸ್, ಒಂದು ಕ್ಯಾಲ್ಸಿಯಂ ಇರುವ ಪುಟ್ಟ ಗುಚ್ಛ. 1981ರಲ್ಲಿ ಡಿಸ್ಮ್ಯೂಕ್ಸ್ ಮತ್ತು ಸಿಡೆರರ್ ಕ್ಲೋರೋಪ್ಲಾಸ್ಟ್‌ಗಳಿಗೆ ಲೇಸರ್ ಮಿಂಚು ಹಾಯಿಸಿ, ಒಡನೆ ಹೆಪ್ಪುಗಟ್ಟಿಸಿ, ಒಂಟಿ ಎಲೆಕ್ಟ್ರಾನ್‌ಗಳನ್ನು ಗುರುತಿಸುವ ಇ.ಪಿ.ಆರ್. ರೋಹಿತ ತೆಗೆದರು. ಮ್ಯಾಂಗನೀಸಿನ ಗೆರೆಗಳು ಮೊದಲನೆಯ ಮಿಂಚಿಗೂ ಐದನೆಯದಕ್ಕೂ ಪ್ರಬಲವಾಗಿ ಕಂಡವು. ಅಂದರೆ ಗುಚ್ಛವು ಮಿಂಚಿಗೊಂದು ಎಲೆಕ್ಟ್ರಾನ್ ಕಳೆದುಕೊಳ್ಳುತ್ತಾ ಹೋಗಿ, ನಾಲ್ಕಾದಾಗ ನೀರಿನಿಂದ ಅವನ್ನು ಪಡೆದು ಮೊದಲಿನಂತಾಗುತ್ತದೆ.

ನಾವು ಉಸಿರಾಡುವ ಆಮ್ಲಜನಕದ ಗುಟ್ಟು ಈ ನಡುವಿನ ಹಂತಗಳಲ್ಲಿದೆ. ಆರಂಭ, ಅಂತ್ಯಗಳನ್ನಷ್ಟೇ ಉರು ಹೊಡೆಯದೆ, ನಡುವೆ ಏನಾಯಿತೆಂದು ಕೇಳಿರಿ. ಅಲ್ಲಾಹನು ನಿಮ್ಮ ಕಲಿಕೆಯಲ್ಲಿ ಬರಕತ್ ನೀಡಲಿ.